ಥೀಡಾ ಬಾರಾಳ 'ಕಮೀಲ್' ಎಲ್ಲಿ ಹೋಯಿತು? ಅಟ್ಟದ ಮೇಲಿನ ರೀಲ್ ಡಬ್ಬದಲ್ಲಿ ಇರಬಹುದೇ?

ಪ್ರಶ್ನೆ: ಅಮೆರಿಕದ ಮೂಕಿ ಕಾಲದ ತಾರೆ ಥೀಡಾ ಬಾರಾ ನಟಿಸಿದ 1917ರ 'ಕಮೀಲ್' ಚಿತ್ರ ಕಳೆದುಹೋಗಿದೆ ಎಂದು ಎಲ್ಲ ಪಟ್ಟಿಗಳೂ ಹೇಳುತ್ತವೆ. ಆದರೆ ಯೂಟ್ಯೂಬಿನಲ್ಲಿ ಅದೇ ಹೆಸರಿನ, 70 ನಿಮಿಷದ ಒಂದು ಮೂಕಿ ಚಿತ್ರ ಸಿಗುತ್ತದೆ. ಅದು ಯಾವುದು? ಒಂದು ಸಿನಿಮಾ ಪೂರ್ತಿ ಕಳೆದುಹೋಗುವುದು ಹೇಗೆ, ಅದನ್ನು ಖಾತ್ರಿಪಡಿಸುವವರು ಯಾರು? ಇನ್ನೊಂದು ವಿಷಯ: ನಮ್ಮ ಪರಿಚಯದವರ ಅಟ್ಟದಲ್ಲಿ ತುಕ್ಕು ಹಿಡಿದ ತಗಡಿನ ಡಬ್ಬವೊಂದಿದೆ, ಒಳಗೆ ಹಳೆಯ ರೀಲ್ ಇದೆ. ಅದು ಇಂಥದ್ದೇ ಯಾವುದಾದರೂ ಚಿತ್ರ ಇರಬಹುದೇ? ತೆಗೆದು ನೋಡುವುದು ಹೇಗೆ?

ಉತ್ತರ: ಡಬ್ಬದ ವಿಷಯ ಮೊದಲು, ಸಿನಿಮಾ ಆಮೇಲೆ. ಆ ರೀಲನ್ನು ಯಾವ ಪ್ರೊಜೆಕ್ಟರಿಗೂ ಹಾಕಬೇಡಿ. ಬಿಸಿಲಿಗೆ ತರಬೇಡಿ. ದೇವರ ಮನೆ, ಅಡುಗೆ ಮನೆ, ಇನ್ವರ್ಟರ್ ಬ್ಯಾಟರಿಯ ಹತ್ತಿರ ಇಡಬೇಡಿ. ಮುಚ್ಚಳ ತೆಗೆದ ಮೇಲೆ ಮೊದಲು ಸ್ಕೇಲ್ ಇಟ್ಟು ಫಿಲ್ಮಿನ ಅಗಲ ಅಳೆಯಿರಿ. 16 ಮಿಲಿಮೀಟರ್ ಇದ್ದರೆ, ಅಥವಾ ಎರಡು ಚೌಕಟ್ಟುಗಳ (ಫ್ರೇಮ್) ನಡುವೆ ಒಂದೊಂದೇ ತೂತು ಇರುವ 9.5 ಮಿಲಿಮೀಟರಿನ ಫಿಲ್ಮ್ ಆಗಿದ್ದರೆ, ಬೆಂಕಿಯ ಭಯ ಬೇಡ. ಅವು 1920ರ ದಶಕದಲ್ಲಿ ಮನೆಬಳಕೆಗೆಂದೇ ಬಂದ ಅಳತೆಗಳು, ಸುರಕ್ಷಿತ ಅಸಿಟೇಟ್ ಮೇಲೆ ತಯಾರಾದವು. 35 ಮಿಲಿಮೀಟರ್ ಇದ್ದು, ಅಂಚಿನಲ್ಲಿ ಎಲ್ಲಿಯೂ 'ಸೇಫ್ಟಿ' ಎಂಬ ಇಂಗ್ಲಿಷ್ ಪದ ಕಾಣದಿದ್ದರೆ, ಅದು ನೈಟ್ರೇಟ್ ಎಂದೇ ತಿಳಿದು ನಡೆದುಕೊಳ್ಳಿ. 1950ರ ದಶಕದ ಆರಂಭದವರೆಗೂ ಚಿತ್ರಮಂದಿರಗಳಿಗೆ ಬರುತ್ತಿದ್ದ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನದು. ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ಅದೇ ಬಿಡುಗಡೆ ಮಾಡಿಕೊಳ್ಳುತ್ತದೆ, ಹಾಗಾಗಿ ನೀರು ಹಾಕಿದರೂ, ಮರಳು ಮುಚ್ಚಿದರೂ ಆರುವುದಿಲ್ಲ. ಹೊಗೆಯಲ್ಲಿ ನೈಟ್ರೋಜನ್ ಡೈಆಕ್ಸೈಡ್ ಇರುತ್ತದೆ, ಅದು ಶ್ವಾಸಕೋಶಕ್ಕೆ ವಿಷ. ಚೆನ್ನಾಗಿರುವ ನೈಟ್ರೇಟ್ ಹೊತ್ತಿಕೊಳ್ಳಲು ಸುಮಾರು 150 ಡಿಗ್ರಿ ಸೆಲ್ಸಿಯಸ್ ಬೇಕು. ಕೊಳೆಯಲು ಶುರುವಾದದ್ದಕ್ಕೆ, ಶಾಖ ಬಹಳ ಹೊತ್ತು ಹಾಗೇ ನಿಂತರೆ, 41 ಡಿಗ್ರಿ ಆಸುಪಾಸು ಸಾಕಾಗಬಹುದು. ಏಪ್ರಿಲ್ ತಿಂಗಳಲ್ಲಿ ಕಲಬುರಗಿಯ ತಗಡಿನ ಮಾಡಿನ ಕೆಳಗೆ ಎಷ್ಟು ಕಾವಿರುತ್ತದೆ ಎಂದು ನಿಮಗೇ ಗೊತ್ತು.

ಇನ್ನು ಯೂಟ್ಯೂಬಿನ ಚಿತ್ರ. ಅದು ಖಂಡಿತ 1917ರದ್ದಲ್ಲ. ನೀವು ಹೇಳುವ 70 ನಿಮಿಷದ್ದು 1921ರ ಮೆಟ್ರೋ ಕಂಪನಿಯ 'ಕಮೀಲ್'. ನಾಯಕಿ ನಜಿಮೋವಾ, ನಾಯಕ ರುಡಾಲ್ಫ್ ವ್ಯಾಲೆಂಟಿನೋ, ನಿರ್ದೇಶನ ರೇ ಸ್ಮಾಲ್‌ವುಡ್. ಗುರುತು ಹಿಡಿಯುವುದು ಸುಲಭ: ನಾಯಕಿಯ ಗುಂಗುರು ಕೂದಲು ತಲೆಯ ಸುತ್ತ ದೊಡ್ಡದಾಗಿ ಹರಡಿಕೊಂಡಿರುತ್ತದೆ. ಮನೆಯೊಳಗೆ ಎಲ್ಲಿ ನೋಡಿದರೂ ಕಮಾನು, ಅರ್ಧವೃತ್ತದ ಬಾಗಿಲು, ದುಂಡನೆಯ ಕಿಟಕಿ. ಆ ಸೆಟ್ಟುಗಳನ್ನು ಮಾಡಿದವರು ನತಾಶಾ ರಾಂಬೋವಾ. ಕಥೆಯನ್ನು 1920ರ ದಶಕದ ಪ್ಯಾರಿಸ್ಸಿಗೆ ಎಳೆದು ತಂದಿದ್ದಾರೆ. ಹೆಸರು ಒಂದೇ ಎಂಬ ಕಾರಣಕ್ಕೆ ಯಾರೋ 1917 ಎಂದು ಹಾಕಿ, ಮುಖಚಿತ್ರಕ್ಕೆ ಥೀಡಾ ಬಾರಾಳ ಫೋಟೋ ಅಂಟಿಸಿರುತ್ತಾರೆ. ಎರಡು-ಮೂರು ನಿಮಿಷದ 'ಪುನರ್ನಿರ್ಮಾಣ'ಗಳೂ ಇವೆ, ಅವು ಸ್ಥಿರಚಿತ್ರಗಳನ್ನು ಜೋಡಿಸಿ ಪಿಯಾನೋ ಹಾಕಿದವು. ಅದರಲ್ಲಿ ತಪ್ಪೇನಿಲ್ಲ, ಆದರೆ ಒಂದು ವಿಷಯ ನೆನಪಿರಲಿ. ಸ್ಟಿಲ್ ಫೋಟೋಗಳು ಸಿನಿಮಾದ ಚೌಕಟ್ಟುಗಳಲ್ಲ. ಬೇರೆ ದೊಡ್ಡ ಕ್ಯಾಮೆರಾದಲ್ಲಿ, ನಟರನ್ನು ಬೇರೆಯಾಗಿ ನಿಲ್ಲಿಸಿ ತೆಗೆದವು. ಸ್ಟಿಲ್ಲಿನಲ್ಲಿ ಕಂಡ ದೃಶ್ಯ ಚಿತ್ರದಲ್ಲಿ ಅದೇ ಕೋನದಿಂದ ಇತ್ತು ಎಂದುಕೊಳ್ಳಬಾರದು, ಇದ್ದೇ ಇತ್ತು ಎಂದೂ ಹೇಳಲಾಗದು.

1917ರದ್ದು ಫಾಕ್ಸ್ ಫಿಲ್ಮ್ ಕಾರ್ಪೊರೇಷನ್ನಿನ ಚಿತ್ರ. ಸೆಪ್ಟೆಂಬರ್ ಕೊನೆಯಲ್ಲಿ ಬಿಡುಗಡೆ. ನಿರ್ದೇಶಕ ಜೆ. ಗಾರ್ಡನ್ ಎಡ್ವರ್ಡ್ಸ್, ನಾಯಕಿ ಮಾರ್ಗರೀತ್ ಗೋತಿಯೆ ಪಾತ್ರದಲ್ಲಿ ಥೀಡಾ ಬಾರಾ, ಅವಳ ಪ್ರಿಯಕರ ಆರ್ಮಾಂ ಆಗಿ ಆಲ್ಬರ್ಟ್ ರಾಸ್ಕೋ, ಜತೆಗೆ ವಾಲ್ಟರ್ ಲಾ, ಕ್ಲೇರ್ ವಿಟ್ನಿ. ಎರಡು ವಾರದ ಅಂತರದಲ್ಲಿ ಅದೇ ನಿರ್ದೇಶಕ-ನಟಿ ಜೋಡಿಯ 'ಕ್ಲಿಯೋಪಾತ್ರ' ಬಂದು ಪ್ರಚಾರವನ್ನೆಲ್ಲ ನುಂಗಿಹಾಕಿತು. ಇವತ್ತಿಗೂ ಕಳೆದುಹೋದ ಚಿತ್ರ ಎಂದರೆ ಜನ 'ಕ್ಲಿಯೋಪಾತ್ರ'ವನ್ನೇ ಹುಡುಕುವುದು. ಗಂಡಸರನ್ನು ಹಾಳು ಮಾಡುವ 'ವ್ಯಾಂಪ್' ಪಾತ್ರಗಳಿಗೇ ಹೆಸರಾಗಿದ್ದ ನಟಿ, ಪ್ರೀತಿಗಾಗಿ ತನ್ನನ್ನೇ ಕಳೆದುಕೊಳ್ಳುವ ಹೆಂಗಸಾಗಿ ಹೇಗೆ ನಟಿಸಿದ್ದಳು ಎಂಬ ಕುತೂಹಲಕ್ಕೆ ನೋಡಿದರೆ, 'ಕಮೀಲ್' ಸಿಗುವುದೇ ಹೆಚ್ಚು ಲಾಭ.

ಮೂಲ ಕಾದಂಬರಿ ಕಿರಿಯ ಅಲೆಕ್ಸಾಂಡರ್ ಡ್ಯೂಮಾನದು, 1848ರಲ್ಲಿ ಪ್ರಕಟವಾಯಿತು. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಮಾರೀ ದ್ಯುಪ್ಲೆಸಿ ಎಂಬ ಪ್ಯಾರಿಸ್ಸಿನ ವಾರಾಂಗನೆ ಅದಕ್ಕೆ ಪ್ರೇರಣೆ. 1852ರಲ್ಲಿ ಅವನೇ ನಾಟಕ ಮಾಡಿದ, ಮರುವರ್ಷ ವೆರ್ದಿ ಅದನ್ನು 'ಲಾ ತ್ರಾವಿಯಾತ' ಅಪೆರಾ ಮಾಡಿದ. ಕಾದಂಬರಿಗೂ ನಾಟಕಕ್ಕೂ ಇರುವ ವ್ಯತ್ಯಾಸ ತುಣುಕು ಗುರುತಿಸುವವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಕಾದಂಬರಿ ಶುರುವಾಗುವುದು ಸತ್ತವಳ ಸಾಮಾನುಗಳ ಹರಾಜಿನಿಂದ, ಮುಂದೆ ಹೆಣವನ್ನು ಗೋರಿಯಿಂದ ತೆಗೆಯುವ ಪ್ರಸಂಗವೂ ಇದೆ. ಅಲ್ಲಿ ಮಾರ್ಗರೀತ್ ಸಾಯುವಾಗ ಆರ್ಮಾಂ ಹತ್ತಿರ ಇರುವುದಿಲ್ಲ. ನಾಟಕದಲ್ಲಿ ಹರಾಜೂ ಇಲ್ಲ, ಗೋರಿಯೂ ಇಲ್ಲ, ಅವನ ತೋಳಿನಲ್ಲೇ ಪ್ರಾಣ ಬಿಡುತ್ತಾಳೆ. 'ಕಮೀಲ್' ಎಂಬ ಹೆಸರು ಅಮೆರಿಕದ ರಂಗಭೂಮಿಯಿಂದ ಬಂದದ್ದು. ಆರ್ಮಾಂನ ತಂದೆ ಬಂದು 'ನನ್ನ ಮಗನನ್ನು ಬಿಟ್ಟುಬಿಡು' ಎಂದು ಕೇಳುವ ದೃಶ್ಯ ಎಲ್ಲ ರೂಪಗಳಲ್ಲೂ ಇರುವುದರಿಂದ ಅದೊಂದನ್ನೇ ನೋಡಿ ಯಾವ ಚಿತ್ರ ಎಂದು ಹೇಳಲು ಆಗುವುದಿಲ್ಲ.

ತೊಡಕು ಏನೆಂದರೆ, ಈ ಕಥೆಯ ಮೂಕಿ ಚಿತ್ರಗಳು ರಾಶಿ ಇವೆ. 1907ರಲ್ಲಿ ಡೆನ್ಮಾರ್ಕಿನದ್ದು, 1911-12ರ ಹೊತ್ತಿಗೆ ಸಾರಾ ಬರ್ನಾರ್ಟ್ ನಟಿಸಿದ ಫ್ರೆಂಚ್ ಚಿತ್ರ, 1915ರಲ್ಲಿ ಇಟಲಿಯೊಂದರಲ್ಲೇ ಎರಡು (ಫ್ರಾಂಚೆಸ್ಕಾ ಬರ್ತೀನಿಯದು, ಎಸ್ಪೇರಿಯಾಳದು), ಅದೇ ವರ್ಷ ಅಮೆರಿಕದಲ್ಲಿ ಕ್ಲಾರಾ ಕಿಂಬಲ್ ಯಂಗ್, 1920ರಲ್ಲಿ ಜರ್ಮನಿಯಲ್ಲಿ ಪೋಲಾ ನೆಗ್ರಿ, 1921ರಲ್ಲಿ ನಜಿಮೋವಾ, 1926ರಲ್ಲಿ ನಾರ್ಮಾ ಟಾಲ್ಮಡ್ಜ್. ಈ ಕೊನೆಯದ್ದು ಅಪೂರ್ಣವಾಗಿ ಉಳಿದಿದೆ. ಹೀಗಾಗಿ ಯಾವುದೋ ದೇಶದ ಚಲನಚಿತ್ರ ಭಂಡಾರದಲ್ಲಿ 'ಕಮೇಲಿಯಾ ಹೂವಿನ ಹೆಂಗಸು' ಎಂಬರ್ಥದ ಚೀಟಿ ಅಂಟಿಸಿದ ಡಬ್ಬ ಸಿಕ್ಕಿತು ಎಂದಾಕ್ಷಣ ಅದು ಬಾರಾಳದ್ದೆಂದು ಕುಣಿಯುವಂತಿಲ್ಲ.

ಕಳೆದುಹೋದದ್ದು ಹೇಗೆ ಎಂದು ಕೇಳಿದ್ದೀರಿ. ಒಂದೇ ಬೆಂಕಿಯಲ್ಲಿ ಎಲ್ಲ ಹೋಯಿತು ಎನ್ನುವುದು ಅರ್ಧ ಸತ್ಯ. ಆಗಿನ ಪ್ರಿಂಟುಗಳು ಪ್ರೇಕ್ಷಕರಿಗೆ ಮಾರುವ ವಸ್ತುಗಳಲ್ಲ, ಬಾಡಿಗೆಯವು. ದೊಡ್ಡ ಊರಿನ ಚಿತ್ರಮಂದಿರದಿಂದ ಸಣ್ಣ ಊರಿಗೆ, ಅಲ್ಲಿಂದ ಹಳ್ಳಿಗೆ ಇಳಿಯುತ್ತಾ, ತೂತುಗಳು ಹರಿದು, ಗೀರು ಬಿದ್ದು, ಕೊನೆಗೆ ವಿತರಕರ ಕಚೇರಿಗೆ ವಾಪಸ್ ಬರುತ್ತಿದ್ದವು. ಅಲ್ಲಿ ಅವುಗಳ ಬೆಲೆ ಎಮಲ್ಷನ್ನಿನಲ್ಲಿರುವ, ಅಂದರೆ ಚಿತ್ರ ಮೂಡುವ ಲೇಪದಲ್ಲಿರುವ, ಬೆಳ್ಳಿಯಷ್ಟೇ. ತೊಳೆದು ಬೆಳ್ಳಿ ತೆಗೆದು ಉಳಿದದ್ದನ್ನು ಎಸೆಯುತ್ತಿದ್ದರು. 1927-29ರಲ್ಲಿ ಮಾತು ಬಂದ ಮೇಲೆ ಮೂಕಿ ಚಿತ್ರಗಳಿಗೆ ಮಾರುಕಟ್ಟೆಯೇ ಇಲ್ಲವಾಯಿತು. ಆಗಲೇ ಪ್ರಿಂಟುಗಳು ಹೆಚ್ಚುಕಡಿಮೆ ಮುಗಿದಿದ್ದವು, ಉಳಿದದ್ದು ನೆಗೆಟಿವ್ ಮತ್ತು ಕಂಪನಿ ಇಟ್ಟುಕೊಂಡಿದ್ದ ಕೆಲವು ಪ್ರತಿಗಳು. ಫಾಕ್ಸ್ ಅವನ್ನೆಲ್ಲ ನ್ಯೂಜೆರ್ಸಿಯ ಲಿಟ್ಲ್ ಫೆರಿ ಎಂಬ ಊರಿನ ಒಂದೇ ಉಗ್ರಾಣದಲ್ಲಿ ಇಟ್ಟಿತ್ತು. ಇಟ್ಟಿಗೆ-ಕಾಂಕ್ರೀಟಿನ ಕಟ್ಟಡ, ಒಳಗೆ ಹಲವಾರು ಕೋಣೆಗಳು. ಬೆಂಕಿ ತಗುಲದ ಕಟ್ಟಡ ಎಂಬ ಹೆಸರಿತ್ತು, ಆದರೆ ಗಾಳಿ ಆಡುವ ವ್ಯವಸ್ಥೆ ಸಾಲದು, ನೀರು ಸಿಂಪಡಿಸುವ ಕೊಳವೆಗಳೂ ಇರಲಿಲ್ಲ. ಸೆಖೆ 38 ಡಿಗ್ರಿ ಮುಟ್ಟುತ್ತಿದ್ದ ದಿನಗಳು. 1937ರ ಜುಲೈ 9ರ ನಸುಕಿನಲ್ಲಿ ಕೊಳೆಯುತ್ತಿದ್ದ ನೈಟ್ರೇಟ್ ತಾನಾಗಿ ಹೊತ್ತಿಕೊಂಡಿತು. 40,000ಕ್ಕೂ ಹೆಚ್ಚು ರೀಲುಗಳು ಹೋದವು. ಪಕ್ಕದ ಮನೆಯ ಒಬ್ಬ ಹುಡುಗ ಸತ್ತ. 1932ಕ್ಕಿಂತ ಹಿಂದಿನ ಫಾಕ್ಸ್ ನೆಗೆಟಿವುಗಳ ಬಹುಪಾಲು ಅಲ್ಲಿಗೆ ಮುಗಿಯಿತು.

ಬಾರಾಳ ಸುಮಾರು 40 ಚಿತ್ರಗಳಲ್ಲಿ ಪೂರ್ತಿಯಾಗಿ ಉಳಿದದ್ದು ಬೆರಳೆಣಿಕೆಯಷ್ಟು. ಅವಳನ್ನು ತಾರೆ ಮಾಡಿದ ಫಾಕ್ಸ್ ವರ್ಷಗಳಿಂದಂತೂ 'ಎ ಫೂಲ್ ದೇರ್ ವಾಸ್' (1915) ಮತ್ತು 'ಈಸ್ಟ್ ಲಿನ್' (1916) ಎರಡೇ. ಇದು ಅವಳೊಬ್ಬಳ ದುರದೃಷ್ಟವಲ್ಲ. 2013ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಪ್ರಕಟಿಸಿದ ಡೇವಿಡ್ ಪಿಯರ್ಸ್ ಅವರ ವರದಿಯ ಲೆಕ್ಕ ಹೀಗಿದೆ: 1912ರಿಂದ 1929ರವರೆಗೆ ಅಮೆರಿಕದಲ್ಲಿ 10,919 ಮೂಕಿ ಫೀಚರ್ ಚಿತ್ರಗಳು ಬಂದವು, ಅದರಲ್ಲಿ ಮೂಲ 35 ಎಂಎಂ ರೂಪದಲ್ಲೇ ಪೂರ್ತಿ ಉಳಿದದ್ದು ಶೇ 14. ವಿದೇಶಿ ಆವೃತ್ತಿಯಾಗಿಯೋ ಸಣ್ಣ ಅಳತೆಯಲ್ಲೋ ಪೂರ್ತಿ ಇರುವುದು ಶೇ 11, ಅರೆಬರೆ ಇರುವುದು ಶೇ 5. ಮಿಕ್ಕ ಶೇ 70 ಇಲ್ಲ.

ಆದರೆ ಈ 'ಇಲ್ಲ' ಎನ್ನುವುದಕ್ಕೆ ಯಾರೂ ಮರಣ ಪ್ರಮಾಣಪತ್ರ ಕೊಡುವುದಿಲ್ಲ. ಪಟ್ಟಿ ಮಾಡಿದ ಯಾವ ಭಂಡಾರದಲ್ಲೂ ಇದರ ಪ್ರತಿ ಕಂಡುಬಂದಿಲ್ಲ ಎಂದಷ್ಟೇ ಅದರ ತಾತ್ಪರ್ಯ. ಪಟ್ಟಿ ಮಾಡದೆ ಬಿದ್ದಿರುವ ಡಬ್ಬಗಳು, ತಪ್ಪು ಚೀಟಿ ಅಂಟಿಸಿಕೊಂಡವು ಜಗತ್ತಿನಲ್ಲಿ ಸಾಕಷ್ಟಿವೆ. ಎಲ್ಲಿ ಸಿಗುತ್ತವೆ ಎಂಬುದಕ್ಕೂ ಒಂದು ತರ್ಕ ಇದೆ: ಪ್ರಿಂಟಿನ ಪ್ರಯಾಣ ಎಲ್ಲಿ ನಿಂತಿತೋ ಅಲ್ಲಿ. ಬಾಡಿಗೆ ಸರಪಳಿಯ ಕೊನೆಯ ಊರಿನಿಂದ ವಾಪಸ್ ಕಳಿಸುವ ಸಾಗಣೆ ಖರ್ಚು ಪ್ರಿಂಟಿನ ಬೆಲೆಗಿಂತ ಹೆಚ್ಚಾದಾಗ ಅಲ್ಲೇ ಬಿಟ್ಟುಬಿಡುತ್ತಿದ್ದರು. ಕೆನಡಾದ ಯೂಕಾನಿನ ಡಾಸನ್ ಸಿಟಿಯಲ್ಲಿ 1978ರಲ್ಲಿ, ಮುಚ್ಚಿದ ಈಜುಕೊಳದ ಮಣ್ಣಿನಡಿ, ಹೆಪ್ಪುಗಟ್ಟಿದ ನೆಲದಲ್ಲಿ 500ಕ್ಕೂ ಹೆಚ್ಚು ರೀಲುಗಳು ಸಿಕ್ಕವು. ನ್ಯೂಜಿಲೆಂಡಿನಲ್ಲಿ 2009-10ರಲ್ಲಿ ಸುಮಾರು 75 ಅಮೆರಿಕನ್ ಚಿತ್ರಗಳು ಪತ್ತೆಯಾದವು, ಅದರಲ್ಲಿ ಜಾನ್ ಫೋರ್ಡ್ ಫಾಕ್ಸಿಗೆ ಮಾಡಿದ 'ಅಪ್‌ಸ್ಟ್ರೀಮ್' ಒಂದು. ಬಾರಾಳ 'ಸಲೋಮೆ'ಯ (1918) ಸುಮಾರು ಎರಡು ನಿಮಿಷ ಸ್ಪೇನಿನ ಭಂಡಾರದಲ್ಲಿ 2021ರಲ್ಲಿ ಕಂಡಿತು. 'ಕ್ಲಿಯೋಪಾತ್ರ'ದ ಹೊಸ ತುಣುಕು 2023ರಲ್ಲಿ ಬಂದದ್ದು ಇನ್ನೂ ವಿಚಿತ್ರ ಜಾಗದಿಂದ, ಹಳೆಯ ಆಟಿಕೆ ಪ್ರೊಜೆಕ್ಟರಿನ ಜತೆಯ ಫಿಲ್ಮ್ ಚೂರಿನಿಂದ. ಸವೆದ ಪ್ರಿಂಟುಗಳನ್ನು ಕೆಲವು ಅಡಿಗಳಾಗಿ ಕತ್ತರಿಸಿ ಮಕ್ಕಳ ಪ್ರೊಜೆಕ್ಟರುಗಳ ಜತೆ ಮಾರುತ್ತಿದ್ದರು. ಆದ್ದರಿಂದ 'ಕಮೀಲ್' ಪೂರ್ತಿ ಪ್ರಿಂಟ್ ಸಿಗುವ ಸಂಭವ ಬಹಳ ಕಡಿಮೆ, ಒಂದೆರಡು ನಿಮಿಷದ ಚೂರು ಸಿಕ್ಕರೆ ಆಶ್ಚರ್ಯವಿಲ್ಲ. ಸಿಕ್ಕರೂ ಮಧ್ಯದ ಬರಹಗಳು ಇಂಗ್ಲಿಷಿನಲ್ಲಿರುತ್ತವೆ ಎಂದು ಎಣಿಸಬೇಡಿ. ವಿದೇಶಕ್ಕೆ ಹೋದ ಪ್ರಿಂಟುಗಳಲ್ಲಿ ಅಲ್ಲಲ್ಲಿಯ ಭಾಷೆಯ ಬರಹ ಸೇರಿಸುತ್ತಿದ್ದರು, ಪಾತ್ರಗಳ ಹೆಸರನ್ನೇ ಬದಲಿಸಿದ್ದೂ ಉಂಟು.

ಮನೆಯಲ್ಲೇ ಕೂತು ಹುಡುಕುವುದಾದರೆ ಮೊದಲು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಅಮೆರಿಕನ್ ಮೂಕಿ ಚಿತ್ರಗಳ ದತ್ತಾಂಶ ನೋಡಿ. ಉಳಿದ ಚಿತ್ರ ಯಾವ ಭಂಡಾರದಲ್ಲಿ, ಯಾವ ಅಳತೆಯಲ್ಲಿ, ಎಷ್ಟು ಪೂರ್ಣವಾಗಿ ಇದೆ ಎಂದು ಅದರಲ್ಲಿ ಬರೆದಿರುತ್ತದೆ. ಆಮೇಲೆ ಎಎಫ್ಐ (ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್) ಕ್ಯಾಟಲಾಗಿನಲ್ಲಿ ಪಾತ್ರವರ್ಗ, ಕಥಾಸಾರ. ಆ ಕಾಲದ ವ್ಯಾಪಾರಿ ಪತ್ರಿಕೆಗಳಾದ 'ಮೂವಿಂಗ್ ಪಿಕ್ಚರ್ ವರ್ಲ್ಡ್', 'ಮೋಷನ್ ಪಿಕ್ಚರ್ ನ್ಯೂಸ್' ಇವುಗಳ 1917ರ ಸಂಚಿಕೆಗಳು ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯಲ್ಲಿ ಉಚಿತವಾಗಿ ಸಿಗುತ್ತವೆ. ಸೆಪ್ಟೆಂಬರಿನಿಂದ ನವೆಂಬರ್ ತನಕದ ವಿಮರ್ಶೆಗಳನ್ನು ಓದಿ ಯಾವ ದೃಶ್ಯ ಯಾವ ಕ್ರಮದಲ್ಲಿ ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ. ವಿದೇಶಿ ಭಂಡಾರಗಳಲ್ಲಿ 'ಕಮೀಲ್' ಎಂದು ಹುಡುಕಿದರೆ ಏನೂ ಬರುವುದಿಲ್ಲ. ಸ್ಪ್ಯಾನಿಷಿನಲ್ಲಿ 'ಲಾ ದಾಮಾ ದೆ ಲಾಸ್ ಕಮೇಲಿಯಾಸ್', ಇಟಾಲಿಯನ್ನಿನಲ್ಲಿ 'ಲಾ ಸಿನ್ಯೋರಾ ದಲ್ಲೆ ಕಮೇಲಿಯೆ', ಜರ್ಮನ್ನಿನಲ್ಲಿ 'ಡೀ ಕಮೇಲಿಯನ್‌ಡಾಮೆ' ಎಂದು ಅವರವರ ಲಿಪಿಯಲ್ಲಿ ಹುಡುಕಬೇಕು. ಹಕ್ಕುಸ್ವಾಮ್ಯದ ಚಿಂತೆ ಬೇಡ, 1917ರ ಚಿತ್ರ ಅಮೆರಿಕದಲ್ಲಿ ಎಂದೋ ಸಾರ್ವಜನಿಕರ ಸ್ವತ್ತಾಗಿದೆ.

ಈಗ ನಿಮ್ಮ ಡಬ್ಬಕ್ಕೆ ಮರಳೋಣ. ಗಾಳಿ ಆಡುವ ತಂಪಾದ ಕೋಣೆ, ನೈಟ್ರೈಲ್ ಕೈಗವಸು, ಬೀಡಿ-ಸಿಗರೇಟು-ದೀಪ ಯಾವುದೂ ಹತ್ತಿರ ಇರಬಾರದು. ಬೆಳಕಿಗೆ ಬಿಸಿಯಾಗದ ಎಲ್ಇಡಿ ಹಲಗೆ ಸಾಕು, ಹಳೆಯ ಬಲ್ಬಿನ ಮುಂದೆ ಹಿಡಿಯಬೇಡಿ. ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್. ಮೂಗಿಗೆ ಹೊಡೆಯುವ ಘಾಟು ಬಂದು ಚಿತ್ರ ಕಂದು-ಹಳದಿಗೆ ತಿರುಗಿದ್ದರೆ ಕೊಳೆಯುತ್ತಿರುವ ನೈಟ್ರೇಟ್. ಮುಂದಿನ ಹಂತದಲ್ಲಿ ಸುತ್ತುಗಳು ಅಂಟಿಕೊಳ್ಳುತ್ತವೆ, ಮೇಲೆ ಜೇನಿನಂಥ ನೊರೆ ಏಳುತ್ತದೆ, ಆಮೇಲೆ ಇಡೀ ರೀಲು ಗಟ್ಟಿ ಮುದ್ದೆ, ಕೊನೆಗೆ ಕಂದು ಪುಡಿ. ನೊರೆಯೋ ಪುಡಿಯೋ ಕಂಡರೆ ಬಿಡಿಸುವ ಪ್ರಯತ್ನವನ್ನೇ ಮಾಡಬೇಡಿ, ಅಗ್ನಿಶಾಮಕ ದಳಕ್ಕೆ ತಿಳಿಸುವುದು ಸರಿ. ರೀಲು ಇನ್ನೂ ಸಡಿಲವಾಗಿ ಬಿಚ್ಚಿಕೊಳ್ಳುವಂತಿದ್ದರೆ ಹೊರಗಿನ ಐದಾರು ಅಡಿ ಮಾತ್ರ ಬಿಚ್ಚಿ.

ಅಷ್ಟರಲ್ಲೇ ಬಹಳ ವಿಷಯ ತಿಳಿಯುತ್ತದೆ. ಚಿತ್ರದ ಒಂದು ಪಕ್ಕ, ತೂತುಗಳಿಗೆ ಒತ್ತಿಕೊಂಡು, ಅಲೆಯಲೆಯಾದ ಅಥವಾ ಪಟ್ಟೆಪಟ್ಟೆಯಾದ ಕಿರಿದಾದ ಗೆರೆ ಇದ್ದರೆ ಅದು ಧ್ವನಿಪಟ್ಟಿ, ಅಂದರೆ ಟಾಕಿ. ಇಲ್ಲದಿದ್ದರೆ, ಚಿತ್ರ ಎರಡೂ ಕಡೆ ತೂತಿನವರೆಗೆ ಹರಡಿದ್ದರೆ, ಮೂಕಿ. ಅಂಚಿನಲ್ಲಿ 'ಈಸ್ಟ್‌ಮನ್' ಎಂಬ ಅಕ್ಷರಗಳ ಪಕ್ಕ ಚಿಹ್ನೆ ಇದೆಯೇ ನೋಡಿ. ಈಸ್ಟ್‌ಮನ್ ಕೊಡಕ್ ಕಂಪನಿ ಫಿಲ್ಮ್ ತಯಾರಾದ ವರ್ಷವನ್ನು ಚಿಹ್ನೆಯಲ್ಲಿ ಹೇಳುತ್ತಿತ್ತು: 1916ಕ್ಕೆ ಒಂದು ವೃತ್ತ, 1917ಕ್ಕೆ ಒಂದು ಚೌಕ, 1918ಕ್ಕೆ ಒಂದು ತ್ರಿಕೋನ, 1919ಕ್ಕೆ ಎರಡು ವೃತ್ತ, ಹೀಗೆ. ಇಲ್ಲಿ ಎಡವುವವರೇ ಹೆಚ್ಚು. ಈ ಚಿಹ್ನೆಗಳು 20 ವರ್ಷಕ್ಕೊಮ್ಮೆ ಮರುಕಳಿಸುತ್ತವೆ, ಒಂಟಿ ಚೌಕ 1937ರದ್ದೂ ಆಗಬಹುದು, 1957ರದ್ದೂ ಆಗಬಹುದು. ಧ್ವನಿಪಟ್ಟಿ ಇದ್ದರೆ 1917ನ್ನು ಅಲ್ಲಿಗೇ ಬಿಟ್ಟುಬಿಡಿ. ಇನ್ನೊಂದು, ಚಿಹ್ನೆ ಹೇಳುವುದು ಕಚ್ಚಾ ಫಿಲ್ಮಿನ ವಯಸ್ಸು. ಪಾರದರ್ಶಕ ಅಂಚಿನ ಮೇಲೆ ಕಪ್ಪು ಅಕ್ಷರ ಇದ್ದರೆ ಅದು ಈ ಪ್ರಿಂಟಿನದೇ ಗುರುತು. ಕಪ್ಪು ಅಂಚಿನಲ್ಲಿ ಬಿಳಿಯಾಗಿ ಕಂಡರೆ ನೆಗೆಟಿವಿನ ಅಂಚು ಇದರ ಮೇಲೆ ಮುದ್ರಣವಾಗಿ ಬಂದದ್ದು, ಅಂದರೆ ಪ್ರಿಂಟು ಅದಕ್ಕಿಂತ ಈಚಿನದು. ಎರಡೂ ಇದ್ದರೆ ಎರಡನ್ನೂ ಬರೆದುಕೊಳ್ಳಿ.

ನೂರು ಚೌಕಟ್ಟುಗಳ ಉದ್ದವನ್ನು ಟೇಪಿನಲ್ಲಿ ಅಳೆಯಿರಿ. ಹೊಸ ಫಿಲ್ಮಿನಲ್ಲಿ ಅದು 1,900 ಮಿಲಿಮೀಟರ್. 1,881 ಬಂದರೆ ಶೇ 1ರಷ್ಟು ಕುಗ್ಗಿದೆ ಎಂದು ಅರ್ಥ. ಅಲ್ಲಿಂದ ಮುಂದೆ ಹಲ್ಲಿನ ಚಕ್ರ ಇರುವ ಯಾವ ಯಂತ್ರಕ್ಕೆ ಹಾಕಿದರೂ ತೂತು ಹರಿಯುತ್ತದೆ, ಹಲ್ಲಿಲ್ಲದ ಸ್ಕ್ಯಾನರೇ ಬೇಕು. ತೂಕವನ್ನೂ ನೋಡಿ: ಸಾವಿರ ಅಡಿಯ ಪೂರ್ತಿ ರೀಲು ಸುಮಾರು ಎರಡೂಕಾಲು ಕಿಲೋ ಬರುತ್ತದೆ. ಅಡಿಗೆ 16 ಚೌಕಟ್ಟು, ಸೆಕೆಂಡಿಗೆ 18ರ ವೇಗದಲ್ಲಿ ಓಡಿಸಿದರೆ ಸಾವಿರ ಅಡಿಗೆ ಹತ್ತಿರಹತ್ತಿರ 15 ನಿಮಿಷ.

ನಿಮ್ಮ ಡಬ್ಬದಲ್ಲಿ 'ಕಮೀಲ್' ಇರಬಹುದೇ ಎಂದರೆ, ಆ ಆಸೆ ಇಟ್ಟುಕೊಳ್ಳಬೇಡಿ. ಮೂಕಿ ಕಾಲದಲ್ಲಿ ಭಾರತದ ಚಿತ್ರಮಂದಿರಗಳಲ್ಲಿ ಓಡಿದ್ದು ಹೆಚ್ಚಾಗಿ ಅಮೆರಿಕನ್ ಚಿತ್ರಗಳೇ ಎನ್ನುವುದು ನಿಜ. ಆದರೆ ನಮ್ಮ ಸೆಖೆ, ಮಳೆಗಾಲದ ತೇವದಲ್ಲಿ ನೂರು ವರ್ಷದ ನೈಟ್ರೇಟ್ ಅಟ್ಟದ ಮೇಲೆ ಉಳಿಯುವುದು ಕಷ್ಟ. ಟೂರಿಂಗ್ ಟಾಕೀಸು ನಡೆಸುತ್ತಿದ್ದವರ ಮನೆಯದ್ದಾದರೆ 1930-50ರ ದಶಕದ ಕನ್ನಡ, ತಮಿಳು, ತೆಲುಗು ಇಲ್ಲವೇ ಹಿಂದಿ ಟಾಕಿಯ ಬಿಡಿ ರೀಲ್ ಆಗಿರುವ ಸಂಭವವೇ ಜಾಸ್ತಿ. ಹಾಗೆಂದು ಸಪ್ಪಗಾಗಬೇಕಿಲ್ಲ. 1934ರ ಮಾರ್ಚ್ 3ರಂದು ತೆರೆಕಂಡ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ'ದ ಪ್ರಿಂಟೂ ಇಲ್ಲ. ತ್ರಿಪುರಾಂಬ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಇರುವ ಹತ್ತಡಿ ಫಿಲ್ಮು ನಿಮ್ಮ ಡಬ್ಬದಲ್ಲಿ ಸಿಕ್ಕರೆ, ಕನ್ನಡದವರಿಗೆ ಅದು ಬಾರಾಳ ಹತ್ತು ಚಿತ್ರಕ್ಕಿಂತ ದೊಡ್ಡದು.

ನೋಡಿ ಮುಗಿದ ಮೇಲೆ ರೀಲನ್ನು ಹಿಂದಿನಂತೆಯೇ ಬಿಗಿ ಮಾಡದೆ ಸುತ್ತಿ, ತುಕ್ಕಿನ ಡಬ್ಬಕ್ಕೆ ವಾಪಸ್ ಹಾಕದೆ, ಗಾಳಿ ಹೋಗುವಂಥ ರಟ್ಟಿನ ಪೆಟ್ಟಿಗೆಯಲ್ಲಿ ಇಡಿ. ಕೊಳೆಯುವಾಗ ಹೊರಡುವ ಆಮ್ಲೀಯ ಅನಿಲ ಒಳಗೇ ನಿಂತರೆ ಕೊಳೆತ ಇನ್ನೂ ಜೋರಾಗುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಸುತ್ತುವುದು ಇದೇ ಕಾರಣಕ್ಕೆ ತಪ್ಪು. ಮನೆಯ ಫ್ರಿಜ್ಜಿಗೂ ಬೇಡ. ಭಂಡಾರಗಳು ನೈಟ್ರೇಟನ್ನು 2ರಿಂದ 4 ಡಿಗ್ರಿಯಲ್ಲಿ, ತೇವಾಂಶ ಶೇ 30ರ ಹತ್ತಿರ ಇಡುತ್ತವೆ. ಮನೆಯ ಫ್ರಿಜ್ಜಿನಲ್ಲಿ ತಂಪು ಸಿಕ್ಕರೂ ನೀರಹನಿ ಕೂತು ಎಮಲ್ಷನ್ ಎದ್ದುಬರುತ್ತದೆ.

ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಇಮೇಲ್ ಬರೆಯಿರಿ. ಅಗಲ, ಮೂಕಿಯೋ ಟಾಕಿಯೋ, ಅಂಚಿನ ಅಕ್ಷರ-ಚಿಹ್ನೆ, ನೂರು ಚೌಕಟ್ಟಿನ ಅಳತೆ, ತೂಕ, ವಾಸನೆ, ಡಬ್ಬದ ಮೇಲಿನ ಚೀಟಿಯಲ್ಲಿ ಏನಿದೆ, ಯಾವ ಊರಿನ ಯಾವ ಚಿತ್ರಮಂದಿರದ್ದಿರಬಹುದು, ಇಷ್ಟು ಬರೆದರೆ ಅವರಿಗೆ ಮುಂದಿನ ಹೆಜ್ಜೆ ಸುಲಭ. ಬರಹ ಇರುವ ಚೌಕಟ್ಟು ಒಂದು, ಮುಖ ಸ್ಪಷ್ಟವಾಗಿ ಕಾಣುವ ಚೌಕಟ್ಟುಗಳು ನಾಲ್ಕೈದು, ಅಂಚು ಸೇರಿ ಕಾಣುವಂತೆ ಫೋಟೋ ತೆಗೆದು ಮೂಲ ಗಾತ್ರದಲ್ಲೇ ಲಗತ್ತಿಸಿ. ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಫೋಟೋ ಕುಗ್ಗಿ ಅಂಚಿನ ಚಿಹ್ನೆಯೇ ಅಳಿಸಿಹೋಗುತ್ತದೆ. ರೀಲನ್ನು ಮಾತ್ರ ಅವರು ಹೇಳುವ ತನಕ ಎಲ್ಲಿಗೂ ಕಳಿಸಬೇಡಿ. ಅಂಚೆ, ಕೊರಿಯರ್, ಬಸ್ಸಿನ ಪಾರ್ಸೆಲ್ ಯಾವುದರಲ್ಲೂ ನೈಟ್ರೇಟ್ ಸಾಮಾನ್ಯ ಸರಕಾಗಿ ಹೋಗುವಂತಿಲ್ಲ.